ಹಿಂದ್ಗಡೆ ಕ್ಯಾಮೆರಾ ಇರುವ ಎಮ್ಮೆ

ಊರಿನವರ ಫೋಟೋಗಳಿಗೆಲ್ಲ ಕಟ್ಟು ಹಾಕುವವನ ಬಾಯಿಗೆ ಯಾರಾದರೂ ಒಂದು ಕಟ್ಟು ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಯಾರೂ ಹಾಕಲಿಲ್ಲ. ಅದಕ್ಕೇ ಬರೆಯಬೇಕಾಗಿದೆ.

ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಅವನದೊಂದು ಅಂಗಡಿ. ಗೋಡೆ ತುಂಬ ಖಾಲಿ ಚೌಕಟ್ಟು, ನೆಲದ ತುಂಬ ಗಾಜಿನ ಚೂರು, ಒಳಗೆ ಕಾಲಿಟ್ಟರೆ ಅಂಟಿನ ವಾಸನೆ. ಎಲ್ಲರೂ ಅವನನ್ನು ಕರೆಯುವುದು ಫ್ರೇಮಣ್ಣ ಅಂತ. ಮದುವೆಯಾದವರು, ಡಿಗ್ರಿ ತಗೊಂಡವರು, ತೀರಿಕೊಂಡವರು, ಎಲ್ಲರೂ ಕೊನೆಗೆ ಅವನ ಕೈಗೇ ಬರಬೇಕು. ಕಸುಬಿನಲ್ಲಿ ಅವನನ್ನು ಬೈಯುವ ಹಾಗಿಲ್ಲ. ಆದರೆ ಕಾರುಗಳ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಎರಡೇ: ಅವಕ್ಕೆ ಚಕ್ರ ಇರುತ್ತದೆ, ಹತ್ತಿದರೆ ಹೊಟ್ಟೆ ತೊಳೆಸುತ್ತದೆ.

ಇಂಥವನನ್ನು ಹಿಡಿದು ಅವನ ಬಾಮೈದ, "ಭಾವ, ನನಗೊಂದು ದೊಡ್ಡ ಕಾರು ಆರಿಸಿಕೊಡಿ" ಅಂದ. ತಪ್ಪು ಯಾರದು, ನೀವೇ ಹೇಳಿ.

ಬಾಮೈದ ಕಮೋಡು, ನಲ್ಲಿ, ಷವರ್ ಮಾರುವ ವ್ಯಾಪಾರಿ. ಜನ ಊಟ ಬಿಟ್ಟರೂ ಕಮೋಡು ಬಿಡುವುದಿಲ್ಲವಲ್ಲ, ಹಾಗಾಗಿ ದುಡ್ಡು ಚೆನ್ನಾಗಿ ಕೂಡಿತ್ತು. ಈಗ ಅವನಿಗೆ ಎತ್ತರದ, ಅಗಲದ, ಎದುರಿಗೆ ಬಂದವರು ತಾವಾಗಿಯೇ ಪಕ್ಕಕ್ಕೆ ಸರಿಯುವಂಥ ಐಷಾರಾಮಿ ಕಾರು ಬೇಕಾಗಿತ್ತು. ನೋಡಿ ನೋಡಿ ಕೊನೆಗೆ ಎರಡು ಉಳಿದವು. ಒಂದು, ಕೆಟ್ಟಿದ್ದನ್ನು ಕಂಡವರೇ ಇಲ್ಲ ಅನ್ನುವಂಥದು, ಆದರೆ ಓಡಿಸುವಾಗ ಮನೆಯ ಸೋಫಾದಲ್ಲಿ ಕೂತು ಗೋಡೆ ನೋಡಿದ ಹಾಗೆ. ಇನ್ನೊಂದು, ಕಾಲಿಟ್ಟರೆ ಜೀವ ಝಲ್ಲೆನ್ನುವಂಥದು, ಆದರೆ ಗ್ಯಾರೇಜಿನವರೆಲ್ಲ ಅದನ್ನು ಮನೆಮಗಳ ಹಾಗೆ ಮಾತಾಡಿಸುತ್ತಾರೆ. ನಂಬಿಕೆಯೋ, ಮಜವೋ? ಬಾಮೈದನಿಗೆ ನಿದ್ದೆ ಬರಲಿಲ್ಲ.

ಭಾವನನ್ನೇ ಯಾಕೆ ಕೇಳಿದ ಅಂದರೆ, ಹಿಂದೊಮ್ಮೆ ಫ್ರೇಮಣ್ಣ ಒಂದು ಹಳೇ ಸ್ಕೂಟರ್ ನೋಡಿ "ಇದು ಕೆಡುತ್ತೆ" ಅಂದಿದ್ದ. ಅದು ಕೆಟ್ಟಿತು. ಹಳೇ ಸ್ಕೂಟರ್ ಕೆಡದೆ ಇನ್ನೇನು ಹಾಡು ಹೇಳುತ್ತದೆಯೇ? ಆದರೆ ಅವತ್ತಿನಿಂದ ಬಾಮೈದನ ಕಣ್ಣಿಗೆ ಭಾವ ಮಹಾ ಪಂಡಿತ. ಪಂಡಿತ ಆಗುವುದು ಫ್ರೇಮಣ್ಣನಿಗೂ ಬೇಡವಾಗಿರಲಿಲ್ಲ. ಜೊತೆಗೆ ಬಾಮೈದನ ಮನೆಯ ಹತ್ತಿರ ಕಾರು ನಿಲ್ಲಿಸಲು ಜಾಗ ಇಲ್ಲ. "ನಮ್ಮ ಮನೆ ಹಿಂದಿನ ಶೆಡ್ಡಲ್ಲಿ ನಿಲ್ಲಿಸೋಣ ಬಿಡು" ಅಂದುಬಿಟ್ಟ. ಅಷ್ಟು ದೊಡ್ಡ ಕಾರು ತನ್ನ ಅಂಗಳದಲ್ಲಿ ನಿಂತರೆ ಬೀದಿಯವರು ಅದನ್ನು ಯಾರದೆಂದು ತಿಳಿಯುತ್ತಾರೆ? ಆ ಯೋಚನೆಗೇ ಅವನ ಎದೆ ಅಂಗಿಯ ಗುಂಡಿ ಕೀಳುವಷ್ಟು ಉಬ್ಬಿತು.

ಆದರೆ ಶೆಡ್ಡು ಅವನದಲ್ಲ, ಮನೆಯೂ ಅವನದಲ್ಲ. ಮನೆ ಮೇಲ್ಮನೆ ಅಮ್ಮನದು. ಮಹಡಿಯ ಮೇಲೆ ಒಬ್ಬರೇ ಇರುವ ವಯಸ್ಸಾದ ಹೆಂಗಸು. ಮಾತು ಕಡಿಮೆ, ನೋಟ ಜಾಸ್ತಿ. ಬಾಡಿಗೆದಾರರಿಗೆ ಅವರದು ಒಂದೇ ನಿಯಮ: ನಾಲ್ಕು ಕಾಲಿನದು ಯಾವುದೂ ಈ ಗೇಟಿನ ಒಳಗೆ ಬರಕೂಡದು. ಹಿಂದೆ ಇದ್ದ ಸಂಗೀತದ ಮೇಷ್ಟ್ರು ಬೀರುವಿನಲ್ಲಿ ಬೆಕ್ಕು ಬಚ್ಚಿಟ್ಟಿದ್ದರು. ಬೆಕ್ಕು ಸೀನಿತು. ಅವತ್ತು ಸಂಜೆಯೇ ಮೇಷ್ಟ್ರು, ತಂಬೂರಿ, ಬೆಕ್ಕು ಮೂವರೂ ಬೀದಿಯಲ್ಲಿದ್ದರು. ಫ್ರೇಮಣ್ಣನ ಬಾಡಿಗೆ ಕರಾರು ಬರುವ ಭಾನುವಾರಕ್ಕೆ ಮುಗಿಯುತ್ತಿತ್ತು. ಹೊಸ ಕಾಗದಕ್ಕೆ ಅಮ್ಮ ರುಜು ಹಾಕಬೇಕು. ಇಷ್ಟು ಗಾಳಿ ಬೆಳಕಿನ, ದಿನವಿಡೀ ನೀರು ಬರುವ, ಅಂಗಡಿಗೆ ನಡೆದೇ ಹೋಗಬಹುದಾದ ಮನೆ ಇನ್ನೆಲ್ಲೂ ಸಿಗುವಂತಿರಲಿಲ್ಲ.

"ರೀ, ಭಾನುವಾರದ ತನಕ ಬಾಯಿ ಮುಚ್ಕೊಂಡಿರಿ," ಅಂದಳು ಹೆಂಡತಿ. "ರುಜು ಬೀಳ್ಲಿ, ಆಮೇಲೆ ಎಷ್ಟು ಬೇಕಾದ್ರೂ ಮಾತಾಡಿ."

"ನಾನು ಯಾವಾಗ ಜಾಸ್ತಿ ಮಾತಾಡ್ತೀನೇ?" ಎಂದು ಫ್ರೇಮಣ್ಣ ಅರ್ಧ ಗಂಟೆ ಮಾತಾಡಿದ.

ಆ ಎರಡು ಕಾರುಗಳ ವಿದೇಶಿ ಹೆಸರು ಹೇಳಲು ಅವನು ಪ್ರಯತ್ನ ಪಟ್ಟ. ಮೊದಲನೆಯದಕ್ಕೆ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ಎರಡನೆಯದಕ್ಕೆ ಎದುರಿಗಿದ್ದ ಹೆಂಡತಿ ಮುಖ ಒರೆಸಿಕೊಳ್ಳಬೇಕಾಯಿತು. ಸಾಕು ಈ ಸಹವಾಸ ಎಂದು ಅವನೇ ಹೆಸರಿಟ್ಟ. ಕೆಡದೇ ಇರುವುದು ಎಮ್ಮೆ. ಓಡುವುದು ಕುದುರೆ. ಬಾಮೈದನೂ ಒಪ್ಪಿದ.

ಆ ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮಾತ್ರ. ಬೆಳಿಗ್ಗೆ ಫ್ರೇಮಣ್ಣ ಆ ಕಲ್ಲು ಹತ್ತಿ, ಬಾಮೈದನಿಗೆ ಫೋನಿಲ್ಲದೆಯೂ ಕೇಳಿಸುವಷ್ಟು ಜೋರಾಗಿ ಕೂಗಿದ:

"ಎಮ್ಮೆನೇ ತಗೊಳ್ಳೋ ಮಾರಾಯ! ಎಮ್ಮೆ ನಂಬಿಕಸ್ತ! ಹತ್ತು ವರ್ಷ ಕಮಕ್ ಕಿಮಕ್ ಅನ್ನಲ್ಲ!"

ಕಾಂಪೌಂಡಿನ ಆಚೆ ಪಕ್ಕದ ಮನೆಯ ಕಂಪೌಂಡರ್ ಹಲ್ಲುಜ್ಜುತ್ತಿದ್ದ. ಈಗ ನಿವೃತ್ತ. ಔಷಧಿ ಬೆರೆಸುವ ಕೆಲಸ ಹೋದ ಮೇಲೆ ಸುದ್ದಿ ಬೆರೆಸುವ ಕೆಲಸ ಹಿಡಿದಿದ್ದ. ಅವನ ಬ್ರಷ್ ನಿಂತಿತು.

"ಕುದುರೆ ಮಜಾ ಕೊಡುತ್ತೆ, ಯಾರು ಇಲ್ಲ ಅಂದ್ರು? ಆದ್ರೆ ತಿಂಗಳಿಗೊಂದ್ಸಲ ಮಲಗಿಬಿಡುತ್ತೆ! ನಮ್ಮ ಶೆಡ್ಡಲ್ಲಿ ಅದನ್ನ ಇಟ್ಕೊಂಡು ನಾನೇನ್ ಭಜನೆ ಮಾಡ್ಲಾ?... ಎಮ್ಮೆಗೆ ಏನು ಕಮ್ಮಿ? ಅದರ ಹೊಟ್ಟೆ ಒಳಗೆ ಏಳು ಜನ ಕಾಲು ಚಾಚಿ ಕೂತ್ಕೋಬಹುದು!"

ಕಂಪೌಂಡರ್ ಬಾಯಲ್ಲಿದ್ದ ನೊರೆ ನುಂಗಿದ.

"ಹಿಂದ್ಗಡೆ ಕ್ಯಾಮೆರಾ ಇದೆಯಪ್ಪಾ! ಹಿಂದಕ್ಕೆ ಬರುವಾಗ ಯಾರಾದ್ರೂ ಅಡ್ಡ ಬಂದ್ರೆ ಕೀ ಕೀ ಅಂತ ಕೂಗುತ್ತೆ! ಗುಂಡಿ ಒತ್ತಿದ್ರೆ ನೆತ್ತಿ ತೆರ್ಕೊಳ್ಳುತ್ತೆ, ಮಕ್ಕಳು ತಲೆ ಹೊರಗೆ ಹಾಕಿ ಗಾಳಿ ಕುಡೀಬಹುದು! ಭಾನುವಾರ ಯಾವುದಾದ್ರೂ ಒಂದು ತಗೊಂಡು ಬಾ, ಇಲ್ಲೇ ಕಟ್ಹಾಕೋಣ!"

ಕಂಪೌಂಡರ್ ಬಾಯಿ ತೊಳೆಯಲಿಲ್ಲ. ಬ್ರಷ್ ಹಿಡಿದುಕೊಂಡೇ ಬೀದಿಗೆ ಓಡಿದ.

"ಕೇಳಿದ್ರಾ? ಫ್ರೇಮಣ್ಣ ಎಮ್ಮೆ ತರ್ತಾನಂತೆ! ಇಲ್ಲಾಂದ್ರೆ ಕುದುರೆ!"

"ಹೊಟ್ಟೆ ಒಳಗೆ ಏಳು ಜನ ಕೂರ್ತಾರೆ ಅಂದ್ರೆ ಹೇಗ್ರೀ?" ಎಂದು ಯಾರೋ ತಲೆ ಇದ್ದವರು ಕೇಳಿದರು.

ಕಂಪೌಂಡರ್ ಒಂದು ಕ್ಷಣ ಯೋಚಿಸಿದ. "ವಿದೇಶಿ ತಳಿ ಕಣ್ರೀ," ಅಂದ.

ಅಲ್ಲಿಗೆ ಎಲ್ಲ ಅನುಮಾನವೂ ಮುಗಿಯಿತು. ವಿದೇಶಿ ಅಂದಮೇಲೆ ನಮ್ಮ ಜನ ಏನನ್ನು ಬೇಕಾದರೂ ನಂಬುತ್ತಾರೆ. ಸಂಜೆಯ ಹೊತ್ತಿಗೆ ಬೀದಿ ಎರಡು ಹೋಳಾಯಿತು. ಮಕ್ಕಳಿದ್ದವರು ಕುದುರೆ ಪಕ್ಷ. ಬೆಣ್ಣೆ ತಿನ್ನುವವರು ಎಮ್ಮೆ ಪಕ್ಷ. ಎದುರು ಬದುರು ಮನೆಯ ಇಬ್ಬರು ಇದೇ ವಿಷಯಕ್ಕೆ ಮಾತು ಬಿಟ್ಟರು. ಅಂಗಡಿ ಮುಚ್ಚಿ ಬರುತ್ತಿದ್ದ ಫ್ರೇಮಣ್ಣನಿಗೆ ಮೂಲೆಮೂಲೆಯಲ್ಲೂ ಒಂದೇ ಕೂಗು: "ಎಮ್ಮೆ ತನ್ನಿ ಫ್ರೇಮಣ್ಣ, ಎಮ್ಮೆ!" "ಏ, ಕುದುರೆನೇ ಚಂದ!"

ಫ್ರೇಮಣ್ಣ ಖುಷಿಯಿಂದ ಹಿಗ್ಗಿದ. ತಾನಿಟ್ಟ ಹೆಸರು ಎಷ್ಟು ಬೇಗ ಜನರ ಬಾಯಿಗೆ ಬಂತು! ಕಾರಿನ ಕಂಪನಿಯವರು ತನ್ನನ್ನು ಕರೆದು ಸನ್ಮಾನ ಮಾಡಿದರೂ ಮಾಡಬಹುದು ಅಂದುಕೊಂಡ. ಮನುಷ್ಯನಿಗೆ ಮೆಚ್ಚುಗೆ ಸಿಕ್ಕಾಗ ಯಾಕೆ ಸಿಕ್ಕಿತು ಎಂದು ಕೇಳುವ ಬುದ್ಧಿ ಇರುವುದಿಲ್ಲ. ಇವನಿಗಂತೂ ಮೊದಲೇ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಹಾಲಿನವನು ಕ್ಯಾನನ್ನು ದಡ್ ಎಂದು ಮೆಟ್ಟಿಲ ಮೇಲೆ ಕುಕ್ಕಿದ.

"ಏನ್ ಫ್ರೇಮಣ್ಣ, ಎಮ್ಮೆ ತಂದು ನನ್ನ ಹೊಟ್ಟೆ ಮೇಲೆ ಹೊಡೀತೀರಂತೆ?"

"ನಿನ್ನ ಹೊಟ್ಟೆಗೂ ನಮ್ಮ ಎಮ್ಮೆಗೂ ಏನಪ್ಪಾ ಸಂಬಂಧ?"

"ಇರ್ಲಿ ಬಿಡಿ. ಎಷ್ಟು ಕೊಡುತ್ತೆ?"

ಕಾರು ಕೊಳ್ಳುವವನನ್ನು ನಮ್ಮವರು ಮೊದಲು ಕೇಳುವ ಪ್ರಶ್ನೆಯೇ ಇದು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂದು ಅರ್ಥ. ಫ್ರೇಮಣ್ಣ ನಿಟ್ಟುಸಿರು ಬಿಟ್ಟ.

"ಅದೊಂದೇ ನೋಡು ಬೇಜಾರು. ಊರೊಳಗೆ ಏಳು ಕೊಡುತ್ತೆ ಅಷ್ಟೆ. ಹೈವೇಗೆ ಬಿಟ್ಟು ಓಡಿಸಿದ್ರೆ ಹನ್ನೆರಡು ಕೊಡುತ್ತಂತೆ."

ಹಾಲಿನವನ ಬಾಯಿ ತೆರೆದೇ ಉಳಿಯಿತು. "ಓಡಿಸಿದ್ರೆ ಜಾಸ್ತಿ ಕೊಡುತ್ತಾ?"

"ಮತ್ತೆ? ಒಂದೇ ವೇಗದಲ್ಲಿ, ಮಧ್ಯೆ ನಿಲ್ಲಿಸದೆ ಓಡಿಸ್ಬೇಕು. ನಿಂತಲ್ಲೇ ನಿಲ್ಲಿಸಿದ್ರೆ ಸುಮ್ನೆ ಕುಡಿಯುತ್ತೆ, ಕೊಡೋದೇನೂ ಇಲ್ಲ."

"ಇಷ್ಟು ವರ್ಷ ಈ ಕಸುಬು ಮಾಡಿ ನನಗಿದು ಗೊತ್ತೇ ಇರ್ಲಿಲ್ವಲ್ಲ!" ಎಂದು ಹಾಲಿನವನು ತಲೆ ಚಚ್ಚಿಕೊಂಡು ಹೋದ. ಮರುದಿನ ಅವನು ತನ್ನ ಎಮ್ಮೆಯನ್ನು ಹೈವೇಗೆ ಹೊಡೆದುಕೊಂಡು ಹೋಗಿ, ಸೈಕಲ್ಲಿನಲ್ಲಿ ಹಿಂದೆ ಬಿದ್ದು, ಟೋಲ್ ಗೇಟಿನ ತನಕ ಓಡಿಸಿದ. ಟೋಲಿನವರು ಎಮ್ಮೆಯನ್ನು ಬಿಟ್ಟರು, ಇವನನ್ನು ಹಿಡಿದುಕೊಂಡರು. ಆ ದಿನ ಎಮ್ಮೆ ಕೊಟ್ಟದ್ದು ಒದೆ ಮಾತ್ರ. ಇಡೀ ಬೀದಿ ಕರೀ ಕಾಫಿ ಕುಡಿಯಿತು.

ಇಷ್ಟರಲ್ಲಿ ಯಾರೋ ನಗರಸಭೆಗೆ ದೂರು ಕೊಟ್ಟರು. ನೈರ್ಮಲ್ಯದ ಇನ್‌ಸ್ಪೆಕ್ಟರು ಬಗಲಲ್ಲಿ ಫೈಲು ಇಟ್ಟುಕೊಂಡು, ಮೂಗಿಗೆ ಕರ್ಚೀಫು ಹಿಡಿದು ಬಂದರು. ಇನ್ನೂ ಬಾರದ ಎಮ್ಮೆಗೆ ಮುಂಚಿತವಾಗಿಯೇ ಮೂಗು ಮುಚ್ಚಿಕೊಂಡ ದೂರದೃಷ್ಟಿಯ ಅಧಿಕಾರಿ ಅವರು.

"ನೀವೇ ಏನ್ರೀ ಎಮ್ಮೆ ಪಾರ್ಟಿ?"

"ಹೌದು ಸಾರ್, ಬನ್ನಿ ಕೂತ್ಕೊಳ್ಳಿ." ಕಾರು ಕೊಳ್ಳುವುದಕ್ಕೆ ಮೊದಲೇ ಅಧಿಕಾರಿಗಳು ಮನೆಗೆ ಬರುತ್ತಾರೆಂದರೆ ಅದು ಎಂಥ ಕಾರು ಇರಬೇಕು ಎಂದು ಫ್ರೇಮಣ್ಣ ಪುಳಕಗೊಂಡ.

"ಕೂರೋಕೆ ಬಂದಿಲ್ಲ. ಹಿಂದ್ಗಡೆಯಿಂದ ಬರೋದಕ್ಕೆ ಏನು ವ್ಯವಸ್ಥೆ?"

"ಈಗಿನವು ಏನೂ ಬಿಡಲ್ಲ ಸಾರ್. ಒಳಗೇ ಫಿಲ್ಟರ್ ಇದೆ. ಮೂಗಿಟ್ಟು ನೋಡಿದ್ರೂ ವಾಸನೆ ಇಲ್ಲ."

ಇನ್‌ಸ್ಪೆಕ್ಟರು ಕರ್ಚೀಫು ಸ್ವಲ್ಪ ಕೆಳಗಿಳಿಸಿದರು. "ಮೈ ತೊಳೆಯೋದು?"

"ವಾರಕ್ಕೊಂದ್ಸಲ ಶಾಂಪೂ ಹಾಕಿ, ಮೇಣ ತಿಕ್ಕಿ, ನಿಮ್ಮ ಮುಖ ಕಾಣಿಸ್ಬೇಕು ಹಾಗೆ ಹೊಳಪು ಮಾಡಿಸ್ತೀನಿ. ಅದರ ಮೈಯಲ್ಲಿ ನೋಡ್ಕೊಂಡು ನೀವು ತಲೆ ಬಾಚ್ಕೋಬಹುದು."

"ರಾತ್ರಿ ಹೊತ್ತು ಅರಚುತ್ತಾ?"

"ಯಾರಾದ್ರೂ ಮುಟ್ಟಿದ್ರೆ ಮಾತ್ರ. ಎರಡೂ ಕಣ್ಣು ಮಿಟುಕಿಸ್ಕೊಂಡು ಅರಚುತ್ತೆ. ಜೇಬಲ್ಲಿರೋ ಕೀ ಒತ್ತಿದ್ರೆ ಸುಮ್ಮನಾಗುತ್ತೆ."

"ಕಾಯಿಲೆ ಗೀಯಿಲೆ ಬಂದ್ರೆ?"

"ಕಂಪನಿಯವರೇ ಎತ್ಕೊಂಡು ಹೋಗ್ತಾರೆ. ಕೆಟ್ಟ ಭಾಗ ಬಿಚ್ಚಿ ಬಿಸಾಕಿ ಹೊಸದು ಕೂರಿಸ್ತಾರೆ."

"ಯಾವ ಭಾಗ?"

"ಯಾವುದು ಬೇಕಾದ್ರೂ ಸಾರ್. ನಟ್ಟು ಬೋಲ್ಟು ತಾನೇ?"

ಇನ್‌ಸ್ಪೆಕ್ಟರ ಕಣ್ಣಲ್ಲಿ ನೀರು ಬಂತು. ಸರ್ವೀಸಿನ ಉದ್ದಕ್ಕೂ ಸಗಣಿ ತುಳಿದುಕೊಂಡೇ ಓಡಾಡಿದ ಮನುಷ್ಯ. "ಇಂಥದಕ್ಕೆ ನಾವು ಪ್ರೋತ್ಸಾಹ ಕೊಡದೆ ಇನ್ಯಾರು ಕೊಡ್ತಾರೆ?" ಎನ್ನುತ್ತ, ಎಮ್ಮೆ ಸಾಕಲು ಅನುಮತಿ ಬರೆದು, ಮೊಹರು ಒತ್ತಿ, ಕೈಕುಲುಕಿ ಹೋದರು. ಫ್ರೇಮಣ್ಣ ಅದನ್ನು ಓದಲಿಲ್ಲ. ಸರ್ಕಾರದ ಮೊಹರು ಕಂಡದ್ದೇ ಅಂಗಡಿಗೆ ಒಯ್ದು ಕಟ್ಟು ಹಾಕಿ ತಂದ. ಕಟ್ಟು ಹಾಕುವವನಿಗೆ ಕಾಗದದ ಅಂಚು ಮುಖ್ಯ, ಅಕ್ಷರ ಅಲ್ಲ.

ಶುಕ್ರವಾರ ಅವನು ಗೇಟಿನ ಅಗಲ ಅಳೆಯುತ್ತಿದ್ದಾಗ ಮೇಲಿನಿಂದ ದನಿ ಬಂತು.

"ಏನಪ್ಪಾ, ಏನು ಅಳೀತಿದೀಯ?"

ಮೇಲ್ಮನೆ ಅಮ್ಮ ಬಾಲ್ಕನಿಯಲ್ಲಿ ನಿಂತಿದ್ದರು. ಫ್ರೇಮಣ್ಣನ ಕೈಯಿಂದ ಟೇಪು ಸುರ್ರೆಂದು ಒಳಗೆ ಸರಿದುಕೊಂಡಿತು.

"ಅದು... ಭಾನುವಾರ ಬರುತ್ತಲ್ಲ ಅಮ್ಮ. ಹಿಡಿಸುತ್ತೋ ಇಲ್ವೋ ಅಂತ."

"ಯಾವುದು ಬರುತ್ತೆ?"

"ಎಮ್ಮೆನೇ ಬರ್ಲಿ ಅಂತ ನನ್ನಾಸೆ. ಬಾಮೈದ ಕುದುರೆ ಅಂತಾನೆ. ಅವನಿಗೆ ಮಜ ಬೇಕು, ನನಗೆ ನಂಬಿಕೆ ಬೇಕು."

ಅಮ್ಮ ತುಂಬ ಹೊತ್ತು ಅವನನ್ನೇ ನೋಡಿದರು. ಸಂಗೀತದ ಮೇಷ್ಟ್ರನ್ನು ನೋಡಿದ್ದೂ ಹೀಗೇ ಅಂತೆ. "ಶೆಡ್ಡು ಗುಡಿಸಿಡು. ಕಾಗದದ ಮಾತು ಭಾನುವಾರ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಶನಿವಾರ ಸಂಜೆ ಹೆಂಡತಿ ತರಕಾರಿ ಚೀಲ ಹಿಡಿದು ಓಡಿ ಬಂದಳು. ಮುಖ ಬಿಳಿಚಿಕೊಂಡಿತ್ತು.

"ರೀ! ಕಂಪೌಂಡರ್ ಹೆಂಡತಿ ಕೇಳಿದ್ಲು, ನಿಮ್ಮ ಎಮ್ಮೆ ಜೊತೆ ಕರುನೂ ಬರುತ್ತಾ ಅಂತ!"

"ಕಾರಿಗೆ ಎಲ್ಲಿಂದ ಬರುತ್ತೇ ಕರು?"

"ಅದನ್ನೇ ಹೇಳ್ತಿರೋದು! ಅವರ್ಯಾರಿಗೂ ಅದು ಕಾರು ಅಂತ ಗೊತ್ತಿಲ್ಲ! ಇಡೀ ಬೀದಿ ನಿಜವಾದ ಎಮ್ಮೆಗೆ ಕಾಯ್ತಾ ಇದೆ!"

ಫ್ರೇಮಣ್ಣ ನಕ್ಕ. ಗೋಡೆಯ ಮೇಲಿನ ಅನುಮತಿ ಪತ್ರವನ್ನು ಮೊದಲ ಸಲ ಓದಿದ. ನಗು ಅಲ್ಲಿಗೇ ಮುರಿಯಿತು. ಹಾಲಿನವನ ಏಳು ಲೀಟರು, ಇನ್‌ಸ್ಪೆಕ್ಟರ ಕಣ್ಣೀರು, ಎಲ್ಲ ಒಂದೊಂದಾಗಿ ಜ್ಞಾಪಕಕ್ಕೆ ಬಂದವು. ಕೊನೆಯಲ್ಲಿ ಮೇಲ್ಮನೆ ಅಮ್ಮನ ಆ ನೋಟ ಬಂತು. ಅವನು ಕುರ್ಚಿ ಇದೆಯೆಂದುಕೊಂಡು ಕೂತ. ಕುರ್ಚಿ ಇರಲಿಲ್ಲ.

"ನಾಲ್ಕು ಕಾಲು..." ಅಂದ ನೆಲದಿಂದಲೇ.

"ಹೋಗಿ ಹೇಳಿ ಬನ್ನಿ! ಮನೆ ಹೋದ್ರೆ ನಾನು ನಿಮ್ಮ ಅಂಗಡಿ ಗೋಡೆಗೆ ನೇತಾಡ್ತೀನಾ?"

ಅವನು ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ. ಅಮ್ಮ ದೀಪ ಹಚ್ಚುವ ಹೊತ್ತಿಗೆ ಊಟ ಮುಗಿಸಿ ಮಲಗುವವರು. ಆಮೇಲೆ ಮನೆಗೆ ಬೆಂಕಿ ಬಿದ್ದರೂ ಬಾಗಿಲು ತೆಗೆಯುವುದಿಲ್ಲ. "ಅಮ್ಮಾ, ಅದು ಎಮ್ಮೆ ಅಲ್ಲಮ್ಮಾ!" ಎಂದು ಬೀಗದ ತೂತಿಗೆ ಬಾಯಿಟ್ಟು ಹೇಳಿದ. ಒಳಗಿನಿಂದ ಗೊರಕೆಯ ಉತ್ತರ ಬಂತು.

"ಹೆದರ್ಕೋಬೇಡ," ಎಂದು ಕೆಳಗಿಳಿದು ಹೆಂಡತಿಗೆ ಧೈರ್ಯ ಹೇಳಿದ. "ನಾಳೆ ಕಾರು ಬಂದಾಗ ಅವರೇ ನೋಡ್ತಾರೆ. ಚಕ್ರಕ್ಕೆ ಅವರ ನಿಯಮ ಇಲ್ವಲ್ಲ. ಖುಷಿಯಲ್ಲಿ ಅಲ್ಲೇ ರುಜು ಹಾಕ್ತಾರೆ."

ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಎಮ್ಮೆ ಪಕ್ಷ ಈ ಕಡೆ, ಕುದುರೆ ಪಕ್ಷ ಆ ಕಡೆ. ಕಂಪೌಂಡರ್ ಮಧ್ಯೆ ನಿಂತು ತಾನೇ ಎಮ್ಮೆ ಹೆತ್ತವನ ಹಾಗೆ ಎಲ್ಲರಿಗೂ ವಿವರಣೆ ಕೊಡುತ್ತಿದ್ದ. ಇನ್‌ಸ್ಪೆಕ್ಟರು ಮೇಲಧಿಕಾರಿಗೆ ತೋರಿಸಲು ಫೋಟೋ ತೆಗೆಯಲೆಂದು ಬಂದಿದ್ದರು. ಹಾಲಿನವನು ಕುಂಟುತ್ತಲೇ ತನ್ನ ಎಮ್ಮೆಯನ್ನೂ ಹಗ್ಗ ಹಿಡಿದು ಕರೆತಂದಿದ್ದ. ಅದೂ ನೋಡಿ ಕಲಿಯಲಿ ಎಂದು.

ದೂರದಲ್ಲಿ ಒಂದು ಗರ್ಜನೆ ಕೇಳಿತು. ಬಾಮೈದ ಬಂದ. ಮಜವೇ ಗೆದ್ದಿತ್ತು. ಕುದುರೆ! ಬೆಂಕಿಯಂಥ ಕೆಂಪು ಬಣ್ಣದ್ದು, ಬಾಗಿಲಷ್ಟು ಎತ್ತರದ ಮೂತಿಯದ್ದು, ಗೇಟು ಸವರಿಕೊಂಡು ಒಳಗೆ ನುಗ್ಗಿ, ಹಿತ್ತಲಿನ ಶೆಡ್ಡಿನ ಮುಂದೆ ಒಮ್ಮೆ ಜೋರಾಗಿ ಗುಡುಗಿ, ಕೆಮ್ಮಿ, ಸುಮ್ಮನಾಯಿತು. ಬಾಮೈದ ಗುಂಡಿ ಒತ್ತಿದ. ಇನ್ನೊಮ್ಮೆ ಒತ್ತಿದ. ಒಳಗಿನ ಪರದೆಯಲ್ಲಿ ಕೆಂಪು ಅಕ್ಷರ ಮೂಡಿದವು.

"ಏನಂತೆ?" ಎಂದು ಕೇಳಿದ ಫ್ರೇಮಣ್ಣ.

"ಕಂಪನಿಗೆ ಫೋನ್ ಮಾಡಿ ಅಂತ ಬರ್ತಿದೆ ಭಾವ," ಅಂದ ಬಾಮೈದ ಅಳುವ ದನಿಯಲ್ಲಿ. "ಆದ್ರೆ ಬರ್ತಾ ಎಂಥ ಮಜಾ ಇತ್ತು ಗೊತ್ತಾ!"

ಜನಕ್ಕೆ ಇದ್ಯಾವುದೂ ಅರ್ಥವಾಗಲಿಲ್ಲ. ಕಂಪೌಂಡರ್ ಡಿಕ್ಕಿ ತೆರೆಸಿ ನೋಡಿದ. "ಇದರಲ್ಲಿ ಎಮ್ಮೆ ಇಲ್ವಲ್ರೀ!"

ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಎಲ್ಲರೂ ಸರಿದು ದಾರಿ ಬಿಟ್ಟರು. ಮೇಲ್ಮನೆ ಅಮ್ಮ ಒಂದು ಕೈಯಲ್ಲಿ ಕರಾರಿನ ಕಾಗದ, ಇನ್ನೊಂದು ಕೈಯಲ್ಲಿ ಹಸಿರು ಹುಲ್ಲಿನ ಕಂತೆ ಹಿಡಿದು ಬಂದರು. ಅವರ ಬಗಲಿನಲ್ಲಿ ಹೊಸ ಹಗ್ಗ ಇತ್ತು. ಆ ಹುಲ್ಲು ಯಾಕೆ ಎಂದು ಕೇಳಿಕೊಳ್ಳುವಷ್ಟು ಪುರುಸೊತ್ತು ಫ್ರೇಮಣ್ಣನಿಗೆ ಇರಲಿಲ್ಲ.

"ಎಲ್ಲಿ?" ಅಂದರು ಅಮ್ಮ.

"ಇದೇ ಅಮ್ಮ!" ಫ್ರೇಮಣ್ಣ ಕಾರಿನ ಬಾನೆಟ್ ತಟ್ಟಿದ. "ನೋಡಿ, ಕಾಲೇ ಇಲ್ಲ! ನಾಲ್ಕೂ ಚಕ್ರ! ಎಮ್ಮೆ ಕುದುರೆ ಅನ್ನೋದೆಲ್ಲ ನಾನು ತಮಾಷೆಗಿಟ್ಟ ಹೆಸರು. ನಿಮ್ಮ ಮಾತು ಮೀರಿ ಎಮ್ಮೆ ತರೋ ಅಷ್ಟು ದಡ್ಡನಾ ನಾನು? ಎಲ್ಲಿ, ಪೆನ್ನು ಕೊಡ್ಲಾ?"

ಅಮ್ಮ ಕಾರನ್ನು ಮುಂದಿನಿಂದ ಹಿಂದಿನ ತನಕ ನೋಡಿದರು. ಆಮೇಲೆ ಸಿಡಿದರು.

"ತಮಾಷೆ! ನಾಲ್ಕು ದಿನದಿಂದ ನಾನು ಎಮ್ಮೆ ಬರುತ್ತೆ, ಎಮ್ಮೆ ಬರುತ್ತೆ ಅಂತ ಕುಣೀತಿದೀನಿ! ಹುಟ್ಟಿದಾಗಿಂದ ಎಮ್ಮೆ ಜೊತೆ ಬೆಳೆದವಳು ನಾನು. ಈ ಹಾಳು ಮಹಡಿ ಮೇಲೆ ಒಂದು ಅಂಬಾ ಅನ್ನೋ ದನಿ ಕೇಳದೆ ಕಿವಿ ಸತ್ತುಹೋಗಿದೆ. ಇವನು ತಗಡು ತಂದು ನಿಲ್ಲಿಸಿ ಹಲ್ಲು ಕಿಸೀತಾನೆ!"

"ಆದ್ರೆ ಅಮ್ಮ... ನಾಲ್ಕು ಕಾಲಿನದು ಬರಕೂಡದು ಅಂತ ನೀವೇ..."

"ಅದು ಬೆಕ್ಕಿಗೆ ಹೇಳಿದ್ದು! ಬೆಕ್ಕು ಹಾಲು ಕುಡಿಯುತ್ತೆ, ಎಮ್ಮೆ ಹಾಲು ಕೊಡುತ್ತೆ. ಇಷ್ಟೂ ಗೊತ್ತಾಗದವನಿಗೆ ಮನೆ ಹೇಗೆ ಕೊಡ್ಲಿ?" ಕಾಗದವನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಎಮ್ಮೆ ಬರ್ಲಿ. ಆಮೇಲೆ ರುಜು."

ಫ್ರೇಮಣ್ಣ ಹೆಂಡತಿಯ ಮುಖ ನೋಡಿದ. ಅವಳು ಬಾಮೈದನ ಮುಖ ನೋಡಿದಳು. ಬಾಮೈದ ಪರದೆಯ ಕೆಂಪು ಅಕ್ಷರ ನೋಡುತ್ತಿದ್ದ. ಎಲ್ಲರಿಗಿಂತ ಮೊದಲು ಫ್ರೇಮಣ್ಣನ ಕಣ್ಣು ಹಾಲಿನವನ ಕಡೆ ತಿರುಗಿತು. ಹಾಲಿನವನೂ ಅವನನ್ನೇ ನೋಡುತ್ತಿದ್ದ. ಹೈವೇ ಕಂಡ ಮೇಲೆ ಆ ಎಮ್ಮೆ ಅವನ ಮಾತು ಕೇಳುವುದನ್ನೇ ಬಿಟ್ಟಿತ್ತು. ಲಾರಿಯ ಹಾರ್ನ್ ಕೇಳಿದರೆ ಹಗ್ಗ ಕಿತ್ತುಕೊಂಡು ಹೊರಡುತ್ತಿತ್ತು. "ಕರ್ಕೊಂಡು ಹೋಗಿ ಫ್ರೇಮಣ್ಣ," ಅಂದ ಕೈ ಮುಗಿದು. "ನಂಬಿಕೆ, ಮಜಾ, ಎರಡೂ ಇದರಲ್ಲೇ ಇದೆ."

ಖರ್ಚು ಬಾಮೈದನ ತಲೆಗೆ ಬಿತ್ತು. ಶೆಡ್ಡಿನ ಬಾಗಿಲಿಗೆ ಕಾರು ಅಡ್ಡ ನಿಂತಿದ್ದರಿಂದ ಎಮ್ಮೆಯನ್ನು ಕಾರಿನ ಬಂಪರಿಗೇ ಕಟ್ಟಬೇಕಾಯಿತು. ಅಮ್ಮ ಅದರ ಕುತ್ತಿಗೆ ಸವರಿ, ಬಾಯಿಗೆ ಹುಲ್ಲು ಕೊಟ್ಟು, ಆ ಕೆಂಪು ಬಾನೆಟ್ ಮೇಲೆ ಕಾಗದ ಹಾಸಿ ರುಜು ಹಾಕಿದರು. ಅದೇ ಹೊತ್ತಿಗೆ ಎಮ್ಮೆ ಬಾಲ ಎತ್ತಿತು. ಇನ್‌ಸ್ಪೆಕ್ಟರ ಬೂಟಿನ ಮೇಲೇ ಬಿತ್ತು.

"ಏನ್ರೀ ಇದು! ಫಿಲ್ಟರ್ ಎಲ್ರೀ?"

"ಸರ್ವೀಸಿಗೆ ಕೊಟ್ಟಿದೀವಿ ಸಾರ್," ಅಂದ ಫ್ರೇಮಣ್ಣ. ಒಳಗೆ ಓಡಿ ಕಟ್ಟು ಹಾಕಿದ್ದ ಅನುಮತಿ ಪತ್ರ ತಂದು ಎದೆಗೆ ಹಿಡಿದು ನಿಂತ. ಮೊಹರು ಇನ್‌ಸ್ಪೆಕ್ಟರದೇ. ಅವರು ಕಾಲು ಕೊಡವಿಕೊಂಡು ಹೋದರು.

ಕಾರಿಗೆ ಬೇಕಾದ ಬಿಡಿಭಾಗ ಹಡಗಿನಲ್ಲಿ ಬರಬೇಕಂತೆ. ಹಡಗು ಇನ್ನೂ ಹೊರಟಿಲ್ಲವಂತೆ. ಬಾಮೈದ ಪ್ರತಿ ಬೆಳಿಗ್ಗೆ ಫೋನ್ ಮಾಡುತ್ತಾನೆ. ಫ್ರೇಮಣ್ಣ ಒಗೆಯುವ ಕಲ್ಲು ಹತ್ತಿ ನಿಲ್ಲುತ್ತಾನೆ. ಎದುರಿಗೆ ಎಮ್ಮೆ ಆ ಕೆಂಪು ಬಾಗಿಲಿಗೆ ಬೆನ್ನು ಕೊಟ್ಟು ಪರಪರ ತುರಿಸಿಕೊಳ್ಳುತ್ತಿರುತ್ತದೆ. ಕಾರು ಎರಡೂ ಕಣ್ಣು ಮಿಟುಕಿಸಿಕೊಂಡು ಅರಚುತ್ತಿರುತ್ತದೆ.

"ಹೇಗಿದೆ ಭಾವ?"

"ಚೆನ್ನಾಗಿದೆ ಕಣೋ."

"ಎಷ್ಟು ಕೊಡ್ತಿದೆ?"

"ಏಳು," ಅನ್ನುತ್ತಾನೆ ಫ್ರೇಮಣ್ಣ. "ಓಡಿಸದೇನೇ."